ಒಂದೇ ಚಕ್ರ ಏಕೆ ಬಿಸಿ? ಮನೆಯಲ್ಲಿ ಬಿಚ್ಚಿ ನೋಡಿದ ಒಂದು ಬ್ರೇಕ್ ಪ್ರಕರಣ

ಕಾರು ನನ್ನ ತಂಗಿಯದು. ಹತ್ತು ವರ್ಷ ಸಮೀಪಿಸಿರುವ ಸಣ್ಣ ಪೆಟ್ರೋಲ್ ಕಾರು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್. ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ಯಾಟರಿ ಇವನ್ನೆಲ್ಲ ಅವಳು ಕೆಲವು ವರ್ಷಗಳಿಂದ ಮನೆಯಲ್ಲೇ ನೋಡಿಕೊಳ್ಳುತ್ತಾಳೆ. ಬ್ರೇಕಿಗೆ ಮಾತ್ರ ಕೈ ಹಾಕಿರಲಿಲ್ಲ. ಹಾಕದಿದ್ದದ್ದು ಸರಿಯೇ. ಆಯಿಲ್ ಬದಲಾಯಿಸುವಾಗ ಎಡವಟ್ಟಾದರೆ ನೆಲ ಜಿಡ್ಡಾಗುತ್ತದೆ, ಹೆಚ್ಚೆಂದರೆ ಎಂಜಿನ್ ಕೆಡುತ್ತದೆ. ಬ್ರೇಕಿನಲ್ಲಿ ಎಡವಟ್ಟಾದರೆ ರಸ್ತೆಯಲ್ಲಿರುವ ಬೇರೆಯವರ ಪ್ರಾಣಕ್ಕೂ ಸಂಚಕಾರ. ನಾನು ಈ ಕೆಲಸ ಬಹಳ ಕಾಲದಿಂದ ಮಾಡಿಕೊಂಡು ಬಂದವನಾದ್ದರಿಂದ ಈ ಬಾರಿ ಒಂದು ಒಪ್ಪಂದ ಮಾಡಿಕೊಂಡೆವು. ಬಿಚ್ಚುವುದು, ಕಟ್ಟುವುದು ಅವಳದು. ದೀಪ ಹಿಡಿಯುವುದು, ಅಳತೆ ಬರೆದುಕೊಳ್ಳುವುದು, ಅಪಾಯ ಕಂಡರೆ ತಡೆಯುವುದು ನನ್ನದು.

ದೂರು

ಲಕ್ಷಣಗಳು ಒಟ್ಟಿಗೆ ಬರಲಿಲ್ಲ. ಮೊದಲು ಮೈಲೇಜ್ ಇಳಿಯಿತು. ಆಮೇಲೆ ಸ್ಟಿಯರಿಂಗ್ ಸಡಿಲ ಹಿಡಿದರೆ ಕಾರು ಎಡಕ್ಕೆ ವಾಲತೊಡಗಿತು. ಕೊನೆಗೆ, ದೂರದ ಪ್ರಯಾಣ ಮುಗಿಸಿ ನಿಲ್ಲಿಸಿದಾಗ ಎಡಗಡೆಯ ಮುಂಚಕ್ರದ ಬಳಿ ಸುಟ್ಟ ವಾಸನೆ. ಆ ಚಕ್ರದ ರಿಮ್ ಮೇಲೆ ಬಲಗಡೆಗಿಂತ ಹೆಚ್ಚು ಕಪ್ಪು ಪುಡಿ ಕೂರುತ್ತಿತ್ತು. ಅದನ್ನು ಅವಳು ಕಾರು ತೊಳೆಯುವಾಗ ಗಮನಿಸಿದ್ದಳು, ಆದರೆ ದೂರುಗಳ ಪಟ್ಟಿಗೆ ಸೇರಿಸಿರಲಿಲ್ಲ.

ಗ್ಯಾರೇಜಿನಲ್ಲಿ ತೋರಿಸಿದ್ದಾಗಿತ್ತು. ಟೈರಿನ ಗಾಳಿ ನೋಡಿದರು, ಚಕ್ರಗಳ ಅಲೈನ್‌ಮೆಂಟ್ ಮಾಡಿದರು, ವಾಲುವುದು ನಿಲ್ಲದಿದ್ದಾಗ ಮತ್ತೊಮ್ಮೆ ಮಾಡಿದರು. ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಹಿಂದಿನ ವರ್ಷವಷ್ಟೇ ಬದಲಾಯಿಸಿದ್ದರಿಂದ, ರಿಮ್ಮಿನ ಸಂದಿಯಿಂದ ಇಣುಕಿ "ಪ್ಯಾಡ್ ಚೆನ್ನಾಗಿದೆ" ಎಂದರೇ ಹೊರತು ಯಾರೂ ಬಿಚ್ಚಿ ನೋಡಲಿಲ್ಲ. ತಂಗಿಗೂ ಅದೇ ನಂಬಿಕೆ.

"ಅಣ್ಣ, ಪ್ಯಾಡ್ ಹೊಸದು. ಅದರಲ್ಲಿ ಏನು ಹುಡುಕುತ್ತೀಯ?"

ಹೊಸದಾಗಿ ಹಾಕಿದ ಭಾಗವನ್ನು ಅನುಮಾನದಿಂದ ಹೊರಗಿಡುವುದು ಎಲ್ಲರಿಗೂ ಇರುವ ಅಭ್ಯಾಸ. ನನ್ನ ಲೆಕ್ಕ ತಲೆಕೆಳಗು: ತೊಂದರೆ ಶುರುವಾಗುವ ಮೊದಲು ಕೊನೆಯದಾಗಿ ಯಾರ ಕೈ ಎಲ್ಲಿ ಆಡಿತ್ತೋ, ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಬಿಚ್ಚುವ ಮೊದಲು

ಸ್ಪ್ಯಾನರ್ ಮುಟ್ಟುವ ಮುನ್ನ ಒಂದು ಪುಟದಷ್ಟು ಬರೆಯಬೇಕು ಎಂದು ಹಟ ಹಿಡಿದೆ. ಕಾರು ಎಡಕ್ಕೆ ವಾಲುತ್ತದೆ ಎಂದರೆ ಯಾವಾಗ? ಬ್ರೇಕ್ ಒತ್ತಿದಾಗಲೋ, ಸುಮ್ಮನೆ ಹೋಗುವಾಗಲೋ? ರಸ್ತೆಗಳು ಮಳೆನೀರು ಹರಿಯಲೆಂದು ನಡುವೆ ಉಬ್ಬಿ ಅಂಚಿನ ಕಡೆ ಇಳಿಜಾರಾಗಿರುತ್ತವೆ. ಆ ಇಳಿಜಾರೇ ಕಾರನ್ನು ಅಂಚಿಗೆ ಎಳೆಯಬಹುದು. ಹಾಗಾಗಿ ಸಮತಟ್ಟಾದ, ಜನರಿಲ್ಲದ ಬಯಲಿನಲ್ಲಿ ನೋಡಿದೆವು. ಬ್ರೇಕ್ ಮುಟ್ಟದೆ ಹೋದರೆ ಕಾರು ಎಡಕ್ಕೆ ಸರಿಯುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತದೆ.

ಇದನ್ನು ಕಂಡು ಅವಳಿಗೆ ಗೊಂದಲವಾಯಿತು, ನನಗೆ ಅರ್ಧ ಉತ್ತರ ಸಿಕ್ಕಿತು. ಅಲೈನ್‌ಮೆಂಟ್ ತಪ್ಪಿದ್ದರೆ ಕಾರು ಬ್ರೇಕ್ ಒತ್ತಿದರೂ ಒತ್ತದಿದ್ದರೂ ಸಾಮಾನ್ಯವಾಗಿ ಒಂದೇ ಕಡೆಗೆ ವಾಲುತ್ತದೆ, ದಿಕ್ಕು ಬದಲಾಯಿಸುವುದಿಲ್ಲ. ಇಲ್ಲಿ ಎಡ ಬ್ರೇಕ್ ಎರಡು ವಿರುದ್ಧ ತಪ್ಪುಗಳನ್ನು ಮಾಡುತ್ತಿರಬೇಕು: ಬಿಡಬೇಕಾದಾಗ ಪೂರ್ತಿ ಬಿಡುತ್ತಿಲ್ಲ, ಹಿಡಿಯಬೇಕಾದಾಗ ಪೂರ್ತಿ ಹಿಡಿಯುತ್ತಿಲ್ಲ. ಬಿಡದೆ ಉಜ್ಜುತ್ತಿದ್ದರೆ ಕಾರು ಎಡಕ್ಕೆ ಎಳೆಯಲ್ಪಡುತ್ತದೆ. ಜೋರಾಗಿ ಒತ್ತಿದಾಗ ಬಲಗಡೆಯದು ಚೆನ್ನಾಗಿ ಹಿಡಿದು ಎಡಗಡೆಯದು ಹಿಂದೆ ಬಿದ್ದರೆ ಬಲಕ್ಕೆ ತಿರುಗುತ್ತದೆ. ಕಾರು ಯಾವ ಕಡೆ ವಾಲುತ್ತದೋ ಆ ಕಡೆಯದೇ ಕೆಟ್ಟಿದೆ ಎಂದು ನಂಬಿ ಬಿಚ್ಚುವವರು, ಬ್ರೇಕ್ ಒತ್ತಿದಾಗಿನ ಲಕ್ಷಣವನ್ನಷ್ಟೇ ಹಿಡಿದು ಹೊರಟರೆ, ಚೆನ್ನಾಗಿರುವ ಬಲ ಚಕ್ರವನ್ನು ಬಿಚ್ಚಿ ಏನೂ ಸಿಗದೆ ಮುಚ್ಚುತ್ತಾರೆ.

ಟೈರಿನ ಒಳರಚನೆಯ ದೋಷವೂ ಕಾರನ್ನು ಒಂದು ಕಡೆಗೆ ಎಳೆಯಬಲ್ಲದು. ಅದನ್ನು ತಿಳಿಯಲು ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿದರೆ ಸಾಕು. ವಾಲುವ ದಿಕ್ಕೂ ಬದಲಾದರೆ ಟೈರಿನದೇ ತೊಂದರೆ. ಬದಲಾಗಲಿಲ್ಲ.

ಮುಂದಿನದು ಬಿಸಿಯ ಪರೀಕ್ಷೆ. ಬ್ರೇಕ್ ಆದಷ್ಟು ಕಡಿಮೆ ಬಳಸಿ ಒಂದಿಷ್ಟು ದೂರ ಹೋಗಿ, ವೇಗವನ್ನು ತಾನಾಗಿ ಇಳಿಯಲು ಬಿಟ್ಟು, ಕೊನೆಗೆ ಹ್ಯಾಂಡ್ ಬ್ರೇಕಿನಿಂದ ಮೆಲ್ಲಗೆ ನಿಲ್ಲಿಸಿದಳು. ಹ್ಯಾಂಡ್ ಬ್ರೇಕ್ ಹಿಂದಿನ ಡ್ರಮ್‌ಗಳನ್ನು ಮಾತ್ರ ಹಿಡಿಯುವುದರಿಂದ ಮುಂದಿನವು ಬಿಸಿಯಾಗಲು ಕಾರಣವೇ ಇಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಬಲ ಡಿಸ್ಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ತೋರಿಸಿತು. ಎಡ ಡಿಸ್ಕ್ 150 ದಾಟಿತ್ತು. ಈ ಉಪಕರಣ ಹೊಳೆಯುವ ಲೋಹದ ಮೇಲೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಅಂಕಿಯನ್ನು ಅಕ್ಷರಶಃ ನಂಬದೆ, ಎರಡೂ ಕಡೆ ಒಂದೇ ಜಾಗಕ್ಕೆ ಹಿಡಿದು ವ್ಯತ್ಯಾಸವನ್ನು ನೋಡಬೇಕು. ಉಪಕರಣ ಇಲ್ಲದವರು ಡಿಸ್ಕಿನ ಮೇಲೆ ಒಂದೆರಡು ಹನಿ ನೀರು ಬಿಟ್ಟು ನೋಡಬಹುದು. ಚುರ್ ಎಂದರೆ ಗೊತ್ತಾಯಿತು. ಅಂಗೈ ಇಟ್ಟು ಪರೀಕ್ಷಿಸುವ ಸಾಹಸ ಬೇಡ.

ಎತ್ತುವುದು

ಇಲ್ಲಿ ಹೆಚ್ಚು ಹೇಳುವುದಿಲ್ಲ, ಆದರೆ ಹೇಳುವುದರಲ್ಲಿ ರಿಯಾಯಿತಿ ಇಲ್ಲ. ಗಟ್ಟಿಯಾದ ಸಮನೆಲ. ಹಿಂದಿನ ಎರಡೂ ಚಕ್ರಗಳಿಗೆ ಮುಂದೆ, ಹಿಂದೆ ಅಡ್ಡಗಟ್ಟೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಕಾರಿನ ಮೇಲೆ ಬಲ ಹಾಕಿ ತಿರುಗಿಸಿದರೆ ಕಾರು ಜಾಕಿನಿಂದ ಜಾರಬಹುದು. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಭಾರ ಹೊರಬೇಕಾದದ್ದು ಸ್ಟ್ಯಾಂಡ್. ಕಾರಿನ ಕೈಪಿಡಿಯಲ್ಲಿ ತೋರಿಸಿದ ಗಟ್ಟಿ ಜಾಗದಲ್ಲೇ ಸ್ಟ್ಯಾಂಡ್ ಕೂರಿಸಿ, ಭಾರವನ್ನು ಅದರ ಮೇಲೆ ಇಳಿಸಿ, ಕಾರನ್ನು ಪಕ್ಕದಿಂದ ಅಲುಗಿಸಿ ನೋಡಬೇಕು. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಟ್ಟರೆ ಅದು ಕೊನೆಯ ಕಾವಲು.

ಮುಂಚಕ್ರ ಚಾಲನೆಯ ಕಾರಾದ್ದರಿಂದ ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಇಲ್ಲದಿದ್ದರೆ ಮುಂದಿನ ಚಕ್ರ ತಿರುಗುವುದೇ ಇಲ್ಲ. ಹೀಗಾಗಿ ಗೇರಿನ ಹಿಡಿತ ಕೈತಪ್ಪುತ್ತದೆ, ಹ್ಯಾಂಡ್ ಬ್ರೇಕ್ ಮತ್ತು ಅಡ್ಡಗಟ್ಟೆಗಳೇ ಆಧಾರ. ಅಗ್ಗದ ಅಡ್ಡಗಟ್ಟೆಗಳನ್ನು ಕೊಳ್ಳಬೇಡಿ ಎನ್ನುವುದು ನನ್ನ ಹಳೆಯ ಜಗಳ.

ತಿರುಗಿಸಿ ನೋಡಿದರೆ ಬಲ ಚಕ್ರ ಮೆಲ್ಲಗೆ ಸವರುವ ಸದ್ದಿನೊಂದಿಗೆ ಸಲೀಸಾಗಿ ತಿರುಗಿತು. ಡಿಸ್ಕ್ ಬ್ರೇಕಿನಲ್ಲಿ ಅಷ್ಟು ಸವರುವಿಕೆ ಸಹಜ. ಎಡ ಚಕ್ರಕ್ಕೆ ಎರಡೂ ಕೈ ಹಾಕಬೇಕಾಯಿತು. ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಆಟ ಇಲ್ಲ, ತಿರುಗುವಾಗ ಗರಗರ ಸದ್ದಿಲ್ಲ. ಬೇರಿಂಗ್ ಮೇಲಿನ ಅನುಮಾನ ಅಲ್ಲಿಗೆ ಹೋಯಿತು.

ಒತ್ತಡವೋ, ಸಿಕ್ಕಿಕೊಂಡದ್ದೋ?

ಬ್ರೇಕ್ ಬಿಡದೆ ಹಿಡಿದುಕೊಂಡಿದ್ದರೆ ಕಾರಣ ಎರಡು ಬಗೆಯದು. ಒಂದು, ಪೆಡಲ್ ಬಿಟ್ಟ ಮೇಲೂ ಕೊಳವೆಯೊಳಗೆ ಒತ್ತಡ ಉಳಿದಿರುವುದು. ಹಳೆಯ ರಬ್ಬರ್ ಹೋಸಿನ ಒಳಪದರ ಊದಿಕೊಂಡು ದಾರಿ ಕಟ್ಟಿದರೆ, ಪೆಡಲಿನ ಬಲಕ್ಕೆ ಬ್ರೇಕ್ ಆಯಿಲ್ ಒಳಗೆ ನುಗ್ಗುತ್ತದೆ, ಆದರೆ ಹಿಂದಕ್ಕೆ ಬರಲಾರದು. ಹೊರಗಿನಿಂದ ಹೋಸ್ ಹೊಸದರಂತೆಯೇ ಕಾಣುತ್ತದೆ. ಎರಡನೆಯದು, ಒತ್ತಡ ಪೂರ್ತಿ ಇಳಿದಿದ್ದರೂ ಲೋಹದ ಭಾಗಗಳು ಎಲ್ಲೋ ಸಿಕ್ಕಿಕೊಂಡಿರುವುದು.

ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಸರಳ. ಬ್ರೇಕ್ ಒತ್ತಿ ಬಿಟ್ಟು, ಚಕ್ರ ಬಿಗಿಯಾಗಿದೆ ಎಂದು ಖಚಿತಪಡಿಸಿಕೊಂಡು, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಮೇಲಿನ ಬ್ಲೀಡ್ ಸ್ಕ್ರೂವಿಗೆ (ಆಯಿಲ್ ಹೊರಬಿಡುವ ತಿರುಪು) ಒಂದು ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿಟ್ಟು, ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾದರೆ ಒತ್ತಡ ಸಿಕ್ಕಿಬಿದ್ದಿತ್ತು ಎಂದರ್ಥ. ಹೋಸ್ ಅಥವಾ ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಕಡೆ ಹೋಗಬೇಕು. ನಮ್ಮಲ್ಲಿ ಒಂದು ಹನಿ ಸೋರಿತಷ್ಟೆ, ಚಕ್ರ ಮೊದಲಿನಷ್ಟೇ ಬಿಗಿ. ಕೆಲವು ನಿಮಿಷದ ಈ ಪರೀಕ್ಷೆಯಿಂದ ಹೋಸ್, ಮಾಸ್ಟರ್ ಸಿಲಿಂಡರ್ ಎರಡೂ ನಿರಪರಾಧಿಗಳೆಂದು ತೀರ್ಮಾನವಾಯಿತು. ಇದನ್ನು ಮಾಡದೆ ಅಂದಾಜಿನ ಮೇಲೆ ಭಾಗಗಳನ್ನು ಬದಲಾಯಿಸುತ್ತ ಹೋಗುವ ಪದ್ಧತಿ ಗ್ಯಾರೇಜುಗಳಲ್ಲಿದೆ, ಮನೆಯಲ್ಲಿ ಕೆಲಸ ಮಾಡುವವರಲ್ಲಂತೂ ಇನ್ನೂ ಹೆಚ್ಚು.

ಬಿಚ್ಚಿದಾಗ ಕಂಡದ್ದು

ಈ ಬಗೆಯ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಪೆಡಲ್ ಒತ್ತಿದಾಗ ಪಿಸ್ಟನ್ ಒಳ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಅದರ ಪ್ರತಿಬಲಕ್ಕೆ ಕ್ಯಾಲಿಪರ್ ಇಡಿಯಾಗಿ ಒಳಕ್ಕೆ ಸರಿದು ಹೊರ ಪ್ಯಾಡನ್ನೂ ಡಿಸ್ಕಿಗೆ ಒತ್ತುತ್ತದೆ. ಹೀಗೆ ಸರಿಯಲು ಅದಕ್ಕೆ ಎರಡು ಸ್ಲೈಡ್ ಪಿನ್‌ಗಳಿವೆ, ಮೇಲೊಂದು, ಕೆಳಗೊಂದು. ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆಳೆಯಲು ಯಾವ ಸ್ಪ್ರಿಂಗೂ ಇಲ್ಲ. ಪಿಸ್ಟನ್ನಿನ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲ್ ಒತ್ತುವಾಗ ತುಸು ಬಾಗಿರುತ್ತದೆ, ಬಿಟ್ಟಾಗ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಈ ಕೂದಲೆಳೆಯ ಮೇಲೆ. ಪಿನ್ ಒಂದಿಷ್ಟು ಬಿಗಿಯಾದರೂ ಆ ಸೀಲಿನ ಬಲ ಸಾಲದು.

ತಂಗಿ ಕೆಳಗಿನ ಬೋಲ್ಟ್ ತೆಗೆದು, ಮೇಲಿನದನ್ನೂ ತೆಗೆದು, ಕ್ಯಾಲಿಪರನ್ನು ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ತೂಗುಹಾಕಿದಳು. ಅದು ಹೋಸಿನ ಮೇಲೆ ಜೋತಾಡಬಾರದು; ಜೋತಾಡಿದರೆ ಹೋಸ್ ಒಳಗಿಂದ ಹರಿದುಹೋಗಬಹುದು. ಪ್ಯಾಡ್‌ಗಳನ್ನು ಹೊರತೆಗೆದು, ಒಳ, ಹೊರ, ಮೇಲೆ, ಕೆಳಗೆ ಎಂದು ಗುರುತು ಬರೆದ ಕಾಗದದ ಮೇಲೆ ಅದೇ ದಿಕ್ಕಿನಲ್ಲಿ ಮಲಗಿಸಿದೆವು. ಇಷ್ಟು ಮಾಡಿದ್ದರಿಂದಲೇ ಪ್ರಕರಣ ಬಗೆಹರಿಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಪ್ಯಾಡ್‌ಗಳನ್ನು ಡಬ್ಬಿಗೆ ಎಸೆದುಬಿಟ್ಟರೆ ಅವು ಬರೀ ಸವೆದ ಲೋಹ. ದಿಕ್ಕು ತಪ್ಪದಂತೆ ಇಟ್ಟರೆ ಸಾಕ್ಷಿ.

ಹೊರ ಪ್ಯಾಡಿನ ಘರ್ಷಣಾ ಪದರ ಸುಮಾರು 7 ಮಿಲಿಮೀಟರ್ ಉಳಿದಿತ್ತು. ಒಳ ಪ್ಯಾಡ್ ಮೇಲ್ತುದಿಯಲ್ಲಿ 5, ಕೆಳತುದಿಯಲ್ಲಿ 2ಕ್ಕಿಂತಲೂ ಕಡಿಮೆ. ಅಂದರೆ ಬೆಣೆಯಾಕಾರದಲ್ಲಿ ಸವೆದಿತ್ತು. ಪದರ 2ರಿಂದ 3 ಮಿಲಿಮೀಟರಿಗೆ ಇಳಿದರೆ ಪ್ಯಾಡ್ ಬದಲಾಯಿಸಬೇಕೆಂಬುದು ಸಾಮಾನ್ಯ ಮಿತಿ. ಈ ಪ್ಯಾಡಿನ ಒಂದು ತುದಿ ಆ ಮಿತಿ ದಾಟಿದ್ದರೂ, ರಿಮ್ಮಿನ ಸಂದಿಯಿಂದ ಇಣುಕಿದರೆ ಕಾಣುತ್ತಿದ್ದುದು ದಪ್ಪವಾಗಿದ್ದ ಹೊರ ಪ್ಯಾಡ್ ಮಾತ್ರ. "ಪ್ಯಾಡ್ ಚೆನ್ನಾಗಿದೆ" ಎಂದು ಗ್ಯಾರೇಜಿನವರು ಹೇಳಿದ್ದು ಸುಳ್ಳಲ್ಲ. ಅವರು ನೋಡಿದ ಪ್ಯಾಡ್ ಚೆನ್ನಾಗಿಯೇ ಇತ್ತು.

ಒಳ ಪ್ಯಾಡ್ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಸರಿಯುತ್ತಿಲ್ಲ ಎಂದು ಮೊದಲು ಅನುಮಾನಿಸಬೇಕು. ಬೆಣೆಯಂತೆ ಸವೆದಿದ್ದರೆ ಎರಡು ಪಿನ್‌ಗಳಲ್ಲಿ ಒಂದು ಸರಿಯುತ್ತಿದೆ, ಇನ್ನೊಂದು ಸಿಕ್ಕಿಕೊಂಡಿದೆ. ಪರೀಕ್ಷಿಸಿದರೆ ಮೇಲಿನ ಪಿನ್ ಎರಡು ಬೆರಳಿನಲ್ಲಿ ಹೊರಬಂತು. ಕೆಳಗಿನದು ಬರಲಿಲ್ಲ. ಸ್ಪ್ಯಾನರಿನಿಂದ ಹಿಂದೆ ಮುಂದೆ ತಿರುಗಿಸುತ್ತ, ಎಳೆಯುತ್ತ ಹೊರತೆಗೆಯಬೇಕಾಯಿತು. ಆ ಪಿನ್ನಿನ ತುದಿಗೆ ಕಂಪನ ತಡೆಯಲೆಂದು ಒಂದು ರಬ್ಬರ್ ತೋಳು ಇರುತ್ತದೆ. ಅದು ಮಳೆನೀರು ಕುಡಿದ ಮರದ ಬಾಗಿಲಿನಂತೆ ಉಬ್ಬಿ ರಂಧ್ರದ ಗೋಡೆಗೆ ಕಚ್ಚಿಕೊಂಡಿತ್ತು. ಮುಟ್ಟಿದರೆ ಮೆತ್ತಗೆ, ಅಂಟಂಟು.

ಇಲ್ಲಿಗೆ ನಿಲ್ಲಿಸಿ ಹೊಸ ಪಿನ್ ಹಾಕಿ ಮುಚ್ಚಿಬಿಡಬಹುದಿತ್ತು. ಕಾರು ಒಂದಷ್ಟು ಕಾಲ ಚೆನ್ನಾಗಿಯೂ ಓಡುತ್ತಿತ್ತು. ಆದರೆ ರಬ್ಬರ್ ಏಕೆ ಉಬ್ಬಿತು? ಬಲಗಡೆಯದನ್ನು ನಾವು ಇನ್ನೂ ಬಿಚ್ಚಿರಲಿಲ್ಲ. ಒಂದು ಕಡೆ ಬಿಚ್ಚಿರುವಾಗ ಇನ್ನೊಂದು ಕಡೆಯನ್ನು ಜೋಡಿಸಿದಂತೆಯೇ ಬಿಡುವುದು ನನ್ನ ನಿಯಮ. ಯಾವ ಭಾಗ ಎಲ್ಲಿ, ಯಾವ ಮುಖವಾಗಿ ಕೂರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಕೈಪಿಡಿ ಇಲ್ಲ. ಈಗ ಎಡಗಡೆಯ ಟಿಪ್ಪಣಿ, ಚಿತ್ರ ಎಲ್ಲ ಮುಗಿದಿದ್ದರಿಂದ ಬಲಗಡೆಯ ಕೆಳಗಿನ ಪಿನ್ ಒಂದನ್ನು ಎಳೆದು ನೋಡಿದೆವು. ಅದರ ರಬ್ಬರ್ ತೆಳ್ಳಗೆ, ಬಿಗಿಯಾಗಿ, ಮೂಲದ ಆಕಾರದಲ್ಲೇ ಇತ್ತು. ಅದರ ಮೇಲಿದ್ದ ಗ್ರೀಸ್ ಬಹುತೇಕ ಪಾರದರ್ಶಕ. ಎಡಗಡೆಯ ಗ್ರೀಸ್ ಹಳದಿಗಂದು, ಎಳೆದರೆ ನೂಲು ಬರುವಂಥದ್ದು. ಇನ್ನೊಂದು ವ್ಯತ್ಯಾಸವನ್ನು ತಂಗಿಯೇ ಹಿಡಿದಳು.

"ಅಣ್ಣ, ಈ ಕಡೆಯ ಧೂಳುಗವಸು ಹೊಸದಲ್ಲವೇ? ಆ ಕಡೆಯದು ಮಾಸಿದೆ ನೋಡು."

ಹೌದು. ಹಿಂದಿನ ವರ್ಷ ಪ್ಯಾಡ್ ಹಾಕುವಾಗ ಎಡಗಡೆಯ ಪಿನ್ನಿನ ಗವಸು ಹರಿದಿದ್ದದ್ದನ್ನು ಯಾರೋ ಗಮನಿಸಿ, ಅದನ್ನು ಬದಲಾಯಿಸಿ, ಕೈಗೆ ಸಿಕ್ಕ ಸಾಮಾನ್ಯ ಗ್ರೀಸನ್ನು ಧಾರಾಳವಾಗಿ ತುಂಬಿದ್ದಾರೆ. ಉದಾಸೀನದಿಂದ ಆದ ಕೆಡುಕಲ್ಲ ಇದು. ಪ್ಯಾಡ್ ಮಾತ್ರ ಬದಲಾಯಿಸಿ ಕೈತೊಳೆದುಕೊಳ್ಳುವ ಸೋಮಾರಿಯ ಕೈಗೆ ಕಾರು ಸಿಕ್ಕಿದ್ದರೆ ಬಹುಶಃ ಇಷ್ಟು ಬೇಗ ಕೆಡುತ್ತಿರಲಿಲ್ಲ.

ಗ್ರೀಸಿನ ಜಾತಿ

ಬ್ರೇಕ್ ಆಯಿಲ್ ಸಾಮಾನ್ಯವಾಗಿ ಗ್ಲೈಕಾಲ್ ಎಂಬ ರಾಸಾಯನಿಕ ಮೂಲದ್ದು. ಅದರ ಸಂಗದಲ್ಲಿ ಕೆಡದ ರಬ್ಬರ್ ಬೇಕೆಂದು ಬ್ರೇಕಿನ ಸೀಲು, ತೋಳುಗಳಿಗೆ ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರ್ ಬಳಸುತ್ತಾರೆ. ಬಿಸಿ, ನೀರು, ಗ್ಲೈಕಾಲ್ ಎಲ್ಲವನ್ನೂ ತಾಳಿಕೊಳ್ಳುವ ಈ ರಬ್ಬರಿಗೆ ಮುಖ್ಯವಾಗಿ ಆಗದಿರುವುದು ಪೆಟ್ರೋಲಿಯಂ ಮೂಲದ ಎಣ್ಣೆ. ಬೇರಿಂಗಿಗೆ, ಬಾಗಿಲ ಕೀಲಿಗೆ ಹಾಕುವ ಸಾಮಾನ್ಯ ಗ್ರೀಸಿನಲ್ಲಿ ಇರುವುದು ಅದೇ ಖನಿಜ ಎಣ್ಣೆ. ರಬ್ಬರ್ ಅದನ್ನು ಹೀರಿಕೊಂಡು ಊದುತ್ತದೆ, ಮೆತ್ತಗಾಗುತ್ತದೆ. ಹಾಕಿದ ದಿನ ಪಿನ್ ಬೆಣ್ಣೆಯಲ್ಲಿ ಜಾರಿದಷ್ಟು ಸುಲಭವಾಗಿ ಜಾರಿರುತ್ತದೆ. ತೊಂದರೆ ಕಾಣಲು ತಿಂಗಳುಗಳು ಬೇಕು. ತಪ್ಪಿಗೂ ಫಲಕ್ಕೂ ನಡುವೆ ಇಷ್ಟು ಅಂತರ ಇರುವುದರಿಂದಲೇ ಇದನ್ನು ಮಾಡಿದವರಿಗೆ ಎಂದೂ ಗೊತ್ತಾಗುವುದಿಲ್ಲ, ಮುಂದಿನ ಕಾರಿಗೂ ಅದೇ ಡಬ್ಬಿಯಿಂದ ಬಳಿಯುತ್ತಾರೆ.

ಸ್ಲೈಡ್ ಪಿನ್ನಿಗೆ ಬೇಕಾದದ್ದು ಬ್ರೇಕಿಗೆಂದೇ ತಯಾರಾದ, ರಬ್ಬರಿಗೆ ಒಗ್ಗುವ ಸಿಲಿಕೋನ್ ಮೂಲದ ಗ್ರೀಸ್ ಅಥವಾ ಕಾರಿನ ತಯಾರಕರು ಸೂಚಿಸಿದ್ದು. ಅದೂ ತೆಳುವಾದ ಲೇಪ ಸಾಕು. ರಂಧ್ರದ ತುಂಬ ತುಂಬಿದರೆ ಒಳಗಿನ ಗಾಳಿ ಹೊರಹೋಗಲಾರದೆ ಪಿನ್ ಹಿಂದಕ್ಕೆ ತಳ್ಳಲ್ಪಡುತ್ತದೆ. ತೊಳೆಯುವುದಕ್ಕೂ ಇದೇ ಎಚ್ಚರ: ಪೆಟ್ರೋಲ್, ಡೀಸೆಲ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಈ ರಬ್ಬರಿನ ಹತ್ತಿರ ಸುಳಿಯಬಾರದು, ರಬ್ಬರಿಗೆ ಒಗ್ಗುವ ಬ್ರೇಕ್ ಕ್ಲೀನರ್ ಮಾತ್ರ.

ದ್ರವಕ್ಕೂ ರಬ್ಬರಿಗೂ ಇರುವ ಈ ಹಗೆತನಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಸಿಟ್ರೊಯೆನ್ ಸಂಸ್ಥೆ 1955ರಲ್ಲಿ ಹೊರತಂದ ಡಿಎಸ್ ಕಾರಿನ ಸಸ್ಪೆನ್ಷನ್ನು, ಬ್ರೇಕು, ಸ್ಟಿಯರಿಂಗು ಎಲ್ಲವೂ ಅಧಿಕ ಒತ್ತಡದ ದ್ರವದಿಂದ ನಡೆಯುತ್ತಿದ್ದವು. 1960ರ ದಶಕದ ದ್ವಿತೀಯಾರ್ಧದಲ್ಲಿ ಅವರು ತೇವ ಹೀರುವ ಹಳೆಯ ದ್ರವವನ್ನು ಕೈಬಿಟ್ಟು ಹಸಿರು ಬಣ್ಣದ ಖನಿಜ ಎಣ್ಣೆಗೆ ಬದಲಾದರು. ಅದಕ್ಕಾಗಿ ಸೀಲುಗಳ ರಬ್ಬರನ್ನೇ ಬದಲಾಯಿಸಬೇಕಾಯಿತು. ಒಂದರ ದ್ರವ ಇನ್ನೊಂದಕ್ಕೆ ಹೋಗದಿರಲೆಂದು ಹೊಸ ವ್ಯವಸ್ಥೆಯ ಭಾಗಗಳಿಗೆ ಹಸಿರು ಬಣ್ಣ ಬಳಿದರು. ನಮ್ಮ ಗ್ರೀಸ್ ಡಬ್ಬಿಗಳಿಗೆ ಅಂಥ ಉಪಕಾರ ಯಾರೂ ಮಾಡಿಲ್ಲ. ತಂಗಿ ತನ್ನ ಡಬ್ಬಿಗಳ ಮೇಲೆ ತಾನೇ ದೊಡ್ಡದಾಗಿ "ರಬ್ಬರಿಗೆ ಆಗುತ್ತದೆ", "ರಬ್ಬರಿಗೆ ಆಗದು" ಎಂದು ಬರೆದಿಟ್ಟಿದ್ದಾಳೆ.

ಜೋಡಣೆ

ಎರಡೂ ಕಡೆಗೆ ಹೊಸ ಪಿನ್, ರಬ್ಬರ್ ತೋಳು, ಗವಸುಗಳ ಕಿಟ್; ಎರಡೂ ಕಡೆಗೆ ಹೊಸ ಪ್ಯಾಡ್; ಹೊಸ ಬ್ರೇಕ್ ಆಯಿಲ್. ಬಲಗಡೆಯ ಪ್ಯಾಡ್ ಇನ್ನೂ ಬಾಳುತ್ತಿತ್ತು, ಆದರೆ ಒಂದೇ ಆಕ್ಸಲಿನ ಎರಡು ತುದಿಗಳಲ್ಲಿ ಹಳೆಯದೊಂದು ಹೊಸದೊಂದು ಪ್ಯಾಡ್ ಹಾಕಿದರೆ ಹಿಡಿತ ಸಮನಾಗುವುದಿಲ್ಲ.

ಡಿಸ್ಕಿನ ಬಗ್ಗೆ ಚರ್ಚೆಯಾಯಿತು. ಎಡ ಡಿಸ್ಕಿನ ಮೇಲೆ ಬಿಸಿಗೆ ಬಂದ ನೀಲಿ ಕಲೆಗಳಿದ್ದವು. ಕನಿಷ್ಠ ದಪ್ಪ ಎಷ್ಟೆಂದು ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ಇದರಲ್ಲಿ 18 ಮಿಲಿಮೀಟರ್. ತಂಗಿ ವರ್ನಿಯರ್ ಹಿಡಿದಾಗ 20ರ ಹತ್ತಿರ ಬಂತು, ಅವಳಿಗೆ ಸಂತೋಷ. ಆದರೆ ಪ್ಯಾಡ್ ತಾಗದ ಹೊರ ಅಂಚಿನಲ್ಲಿ ಸವೆಯದೆ ಉಳಿದ ಒಂದು ದಿಂಡು ಇರುತ್ತದೆ, ವರ್ನಿಯರಿನ ದವಡೆ ಕುಳಿತದ್ದು ಅದರ ಮೇಲೆ. ಮೈಕ್ರೋಮೀಟರಿನಿಂದ ಪ್ಯಾಡ್ ಉಜ್ಜುವ ಜಾಗವನ್ನೇ ಅಳೆದಾಗ 18.6. ಬಿರುಕಿಲ್ಲ, ಪೆಡಲಿನಲ್ಲಿ ಮಿಡಿತದ ದೂರೂ ಇರಲಿಲ್ಲ. ಉಳಿಸಿಕೊಂಡೆವು, ಮುಂದಿನ ಪ್ಯಾಡಿನ ಜೊತೆ ಎರಡೂ ಡಿಸ್ಕ್ ಬದಲಾಯಿಸಬೇಕೆಂಬ ಷರತ್ತಿನ ಮೇಲೆ.

ಪಿಸ್ಟನ್ನನ್ನು ಒಳಕ್ಕೆ ತಳ್ಳುವಾಗ ಬ್ಲೀಡ್ ಸ್ಕ್ರೂ ತೆರೆದಿಟ್ಟು ಕೊಳೆ ಆಯಿಲ್ ಬಾಟಲಿಗೆ ಹೋಗುವಂತೆ ಮಾಡಿದೆವು. ಮುಚ್ಚಿಟ್ಟು ತಳ್ಳಿದರೆ ಅದೇ ಕೊಳೆ ಹಿಮ್ಮುಖವಾಗಿ, ಗಟ್ಟಿ ಬ್ರೇಕಿಗೆ ಚಕ್ರ ನಿಂತು ಜಾರದಂತೆ ತಡೆಯುವ ಎಬಿಎಸ್ ಘಟಕದ ಕಡೆ ಹೋಗುತ್ತದೆ. ಹಳೆಯ ಪ್ಯಾಡನ್ನು ಅಡ್ಡ ಇಟ್ಟು ಕ್ಲ್ಯಾಂಪಿನಿಂದ ಮೆಲ್ಲಗೆ ಒತ್ತಿದಾಗ ಪಿಸ್ಟನ್ ನಯವಾಗಿ ಒಳಹೋಯಿತು, ಅದರ ಧೂಳುಗವಸೂ ಅಖಂಡ. ಇದು ಮುಂದಿನ ಕ್ಯಾಲಿಪರಿಗೆ ಮಾತ್ರ ಹೇಳಿದ ಮಾತು. ಹಿಂದೆಯೂ ಡಿಸ್ಕ್ ಇದ್ದು ಹ್ಯಾಂಡ್ ಬ್ರೇಕ್ ಅದೇ ಕ್ಯಾಲಿಪರಿನೊಳಗೆ ಇರುವ ಹಲವು ಕಾರುಗಳಲ್ಲಿ ಪಿಸ್ಟನ್ನನ್ನು ತಿರುಗಿಸುತ್ತ ಒಳಸೇರಿಸಬೇಕು, ನೇರ ಒತ್ತಿದರೆ ಒಳಗಿನ ಯಂತ್ರ ಮುರಿಯುತ್ತದೆ. ಹ್ಯಾಂಡ್ ಬ್ರೇಕ್ ವಿದ್ಯುತ್ ಚಾಲಿತವಾಗಿದ್ದರೆ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು.

ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿಗಳು ಕೂರುವ ಜಾಗದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ತೆಗೆಯಲು ಅವಳು ಬಹಳ ಹೊತ್ತು ತೆಗೆದುಕೊಂಡಳು. ನಾನು ಅವಸರಪಡಿಸಲಿಲ್ಲ. ಅಲ್ಲಿ ತುಕ್ಕು ಉಳಿದರೆ ಹೊಸ ಪಿನ್ ಹಾಕಿಯೂ ಪ್ಯಾಡ್ ಸಿಕ್ಕಿಕೊಂಡು ಅದೇ ದೂರು ಮರಳುತ್ತದೆ. ಬೆರಳಿನಿಂದ ತಳ್ಳಿದರೆ ಪ್ಯಾಡ್ ಜಾರಬೇಕು, ಸುತ್ತಿಗೆ ಬೇಕೆನಿಸಿದರೆ ಕೆಲಸ ಮುಗಿದಿಲ್ಲ. ಬ್ರೇಕಿನ ಪುಡಿಯನ್ನು ಗಾಳಿ ಊದಿ ಹಾರಿಸದೆ ಒದ್ದೆಮಾಡಿ ಒರೆಸಿದೆವು. ಹಳೆಯ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಈಗಿನವುಗಳ ಪುಡಿಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಬ್ರೇಕ್ ಆಯಿಲ್ ಕಪ್ಪಾಗಿತ್ತು. ಅದು ಗಾಳಿಯಿಂದ ತೇವ ಹೀರುತ್ತದೆ, ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಗೆ ನಿಗದಿಯಾದ ಕನಿಷ್ಠ ಕುದಿಬಿಂದು ಹೊಸತಿರುವಾಗ 230 ಡಿಗ್ರಿ ಸೆಲ್ಸಿಯಸ್, ಶೇಕಡ 3.7ರಷ್ಟು ನೀರು ಸೇರಿದಾಗ 155. ಡಾಟ್ 3ಕ್ಕೆ ಇದೇ ಅಂಕಿಗಳು 205 ಮತ್ತು 140. ಸದಾ ಉಜ್ಜಿಕೊಂಡೇ ಓಡುತ್ತಿದ್ದ ನಮ್ಮ ಎಡ ಚಕ್ರವನ್ನು ನೆನೆದರೆ ಈ ಅಂಕಿಗಳು ಬರೀ ಪಾಠವಾಗಿ ಉಳಿಯುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಆ ಕ್ಯಾಲಿಪರಿನೊಳಗೆ ಹಳೆಯ ಆಯಿಲ್ ಕುದಿದು ಆವಿಯಾಗಿದ್ದರೆ, ಆವಿ ಒತ್ತಿದರೆ ಕುಗ್ಗುತ್ತದೆಯಾದ್ದರಿಂದ, ಪೆಡಲ್ ನೆಲದತ್ತ ಇಳಿಯುತ್ತಿತ್ತು. ಮೈಲೇಜಿನ ದೂರಾಗಿ ಶುರುವಾದ ಪ್ರಕರಣ ಅಲ್ಲಿಗೆ ಹೋಗಿ ನಿಲ್ಲಬಹುದಿತ್ತು.

ಬ್ಲೀಡಿಂಗಿಗೆ, ಅಂದರೆ ಕೊಳವೆಯಲ್ಲಿನ ಹಳೆಯ ಆಯಿಲ್ ಮತ್ತು ಗಾಳಿ ಹೊರತೆಗೆಯುವುದಕ್ಕೆ, ಇಬ್ಬರು ಬೇಕು. ನಾನು ಪೆಡಲಿಗೆ ಹೋದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟೆ. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಪೆಡಲನ್ನು ನೆಲದವರೆಗೆ ಒತ್ತಿದರೆ ಸೀಲುಗಳು ಎಂದೂ ಓಡಾಡದ, ತುಕ್ಕು ಕೂತಿರಬಹುದಾದ ಜಾಗಕ್ಕೆ ಹೋಗಿ ಗೀಚಿಕೊಳ್ಳುತ್ತವೆ. ಚಕ್ರದ ಬಳಿಯಿಂದ ಅಪ್ಪಣೆಗಳು ಬರತೊಡಗಿದವು.

"ಅಣ್ಣ, ಒತ್ತು."

"ಒತ್ತಿದ್ದೇನೆ."

"ಹಿಡಿದುಕೋ... ಬಿಡಬೇಡ... ಈಗ ಬಿಡು."

ಸ್ಕ್ರೂ ಮುಚ್ಚುವ ಮುನ್ನ ಪೆಡಲ್ ಬಿಟ್ಟರೆ ಗಾಳಿ ಒಳಗೆ ಸೇರುತ್ತದೆ. ಮೇಲಿನ ಡಬ್ಬಿ ಬರಿದಾದರೂ ಅದೇ ಗತಿ. ಗುಳ್ಳೆ ನಿಂತು ತಿಳಿಯಾದ ಆಯಿಲ್ ಬರುವವರೆಗೆ ನಾಲ್ಕೂ ಚಕ್ರಗಳಿಗೆ ಮಾಡಿದೆವು. ಯಾವ ಚಕ್ರದಿಂದ ಆರಂಭಿಸಬೇಕೆಂಬುದು ಕಾರಿನಿಂದ ಕಾರಿಗೆ ಬೇರೆ, ಕೈಪಿಡಿ ನೋಡಿಕೊಳ್ಳಬೇಕು. ಚೆಲ್ಲಿದ ಆಯಿಲ್ ಪೇಂಟನ್ನು ತಿನ್ನುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು. ಉಳಿದದ್ದನ್ನು ಮುಂದಿನ ಬಾರಿಗೆಂದು ಎತ್ತಿಡುವ ಜಿಪುಣತನವೂ ಬೇಡ, ಒಮ್ಮೆ ತೆರೆದ ಡಬ್ಬಿ ಕಪಾಟಿನಲ್ಲೇ ತೇವ ಹೀರುತ್ತದೆ.

ನಟ್ಟುಗಳನ್ನು ಎದುರುಬದುರಿನ ಕ್ರಮದಲ್ಲಿ, ಟಾರ್ಕ್ ರೆಂಚಿನಿಂದ, ಕೈಪಿಡಿಯ ಅಂಕಿಗೆ ಬಿಗಿಮಾಡಿದಳು. ಹಲವು ಸಣ್ಣ ಕಾರುಗಳಲ್ಲಿ ಅದು 100ರಿಂದ 120 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ಕ್ಯಾಲಿಪರಿನ ಬೋಲ್ಟ್‌ಗಳಿಗೆ ಬೇರೆ ಅಂಕಿ, ಚಕ್ರದ ನಟ್ಟಿನದಕ್ಕಿಂತ ಬಹಳ ಕಡಿಮೆ. ಅಂದಾಜಿಗೆ ಬಿಗಿಮಾಡಿ ಮುರಿದವರು ಅನೇಕರು.

ಕಾರು ಚಲಾಯಿಸುವ ಮುನ್ನ ಪೆಡಲನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಬೇಕು. ಒಳಕ್ಕೆ ತಳ್ಳಿದ ಪಿಸ್ಟನ್ ಪ್ಯಾಡಿನ ಬಳಿ ಬರಲು ಕೆಲವು ಒತ್ತುಗಳು ಬೇಕು. ಇದನ್ನು ಮರೆತು ಗೇರ್ ಹಾಕಿದರೆ ಮೊದಲ ಬ್ರೇಕಿಗೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ಕಾರು ಎದುರಿನ ಗೋಡೆಗೆ. ಆಮೇಲೆ ಖಾಲಿ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಿಸದೆ ಮಧ್ಯಮ ಬಲದಲ್ಲಿ ಹಲವು ಬಾರಿ ವೇಗ ಇಳಿಸಿ, ನಡುವೆ ತಣಿಯಲು ಬಿಟ್ಟು, ಪ್ಯಾಡನ್ನು ಡಿಸ್ಕಿಗೆ ಹೊಂದಿಸಿದೆವು.

ನಂತರ

ಅದೇ ಬಯಲಿನಲ್ಲಿ ಅದೇ ಪರೀಕ್ಷೆ: ಎರಡೂ ಡಿಸ್ಕ್‌ಗಳ ಬಿಸಿ ಕೆಲವೇ ಡಿಗ್ರಿಗಳ ಅಂತರದಲ್ಲಿ. ಸ್ಟಿಯರಿಂಗ್ ನೆಟ್ಟಗೆ, ಬ್ರೇಕ್ ಒತ್ತಿದಾಗಲೂ. ಮೈಲೇಜ್ ಮೊದಲಿನ ಮಟ್ಟಕ್ಕೆ ಮರಳಿದೆ ಎನ್ನುತ್ತಾಳೆ. ಅದರಲ್ಲಿ ಅಲೈನ್‌ಮೆಂಟಿನ ಪಾಲೂ ಇರಬಹುದು. ಕೆಲವು ತಿಂಗಳ ಬಳಿಕ ಚಕ್ರ ತೆಗೆದು ಒಳ, ಹೊರ ಪ್ಯಾಡ್‌ಗಳನ್ನು ಅಳೆದಾಗ ಎರಡೂ ಒಂದೇ ಸಮ ಸವೆದಿದ್ದವು.

ಹಣದ ದೃಷ್ಟಿಯಿಂದ ನೋಡಿದರೆ ಈ ಕೆಲಸದಲ್ಲಿ ಉಳಿತಾಯವೇನೂ ಇಲ್ಲ. ಸ್ಟ್ಯಾಂಡ್, ಟಾರ್ಕ್ ರೆಂಚ್, ಮೈಕ್ರೋಮೀಟರ್, ಥರ್ಮಾಮೀಟರ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ ನಷ್ಟವೇ. ಗ್ಯಾರೇಜಿನವರನ್ನು ದೂರುವುದರಲ್ಲೂ ಅರ್ಥವಿಲ್ಲ. ಪ್ಯಾಡ್ ಬದಲಾಯಿಸುವುದಕ್ಕೆ ಕೂಲಿ ಸಿಗುತ್ತದೆ. ಇನ್ನೊಂದು ಕಡೆಯ ಪಿನ್ ಎಳೆದು, ಎರಡು ಗ್ರೀಸುಗಳ ಬಣ್ಣ ಹೋಲಿಸಿ ನೋಡುತ್ತ ಕೂರುವುದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಮನೆಯಲ್ಲಿ ಮಾಡುವವರ ಬಳಿ ಇರುವ ಬಂಡವಾಳ ಆ ಹೊತ್ತು ಮಾತ್ರ. ಅದನ್ನೂ ಅವಸರದಲ್ಲಿ ಕಳೆಯುವುದಾದರೆ ಅನುಭವಿ ಕೈಗೆ ಒಪ್ಪಿಸುವುದೇ ಲೇಸು.

ಹಾಗೆ ಒಪ್ಪಿಸಿದ್ದೂ ಒಂದಿದೆ. ಅಳತೆಗಳ ಜೊತೆಗೆ ಹಿಂದಿನ ಡ್ರಮ್‌ಗಳನ್ನೂ ತೆಗೆದು ನೋಡಿದಾಗ ಬಲಗಡೆಯ ವೀಲ್ ಸಿಲಿಂಡರಿನ (ಆಯಿಲ್ ಒತ್ತಡದಿಂದ ಲೈನಿಂಗನ್ನು ಡ್ರಮ್ಮಿಗೆ ತಳ್ಳುವ ಭಾಗ) ರಬ್ಬರಿನ ಅಂಚಿನಲ್ಲಿ ತೇವ ಕಂಡಿತು. ಅಲ್ಲಿ ಆಯಿಲ್ ಜಿನುಗಿ ಲೈನಿಂಗಿಗೆ ತಾಗಿದರೆ ಹಿಡಿತ ಹೋಗುತ್ತದೆ. ತುಕ್ಕು ಹಿಡಿದ ಲೋಹದ ಪೈಪಿನ ನಟ್ ಸ್ಪ್ಯಾನರಿಗೆ ಬಗ್ಗಲಿಲ್ಲ. ಬಲ ಹಾಕಿದರೆ ಪೈಪ್ ತಿರುಚಿಕೊಳ್ಳುತ್ತದೆ, ಹೊಸ ಪೈಪಿನ ತುದಿ ಅಗಲಿಸುವ ಉಪಕರಣ ನಮ್ಮಲ್ಲಿಲ್ಲ. ಡ್ರಮ್ ಮುಚ್ಚಿ, ಎರಡೂ ಹಿಂದಿನ ಸಿಲಿಂಡರುಗಳನ್ನು ಬದಲಾಯಿಸಿಕೊಡಿ, ಪೈಪ್ ನೋಡಿ ಎಂದು ಚೀಟಿ ಬರೆದು ಗ್ಯಾರೇಜಿಗೆ ಕಳಿಸಿದೆವು. ಚೀಟಿಯ ಕೆಳಗೆ ತಂಗಿ ತನ್ನ ಕಡೆಯಿಂದ ಒಂದು ಸಾಲು ಸೇರಿಸಿದ್ದಳು: ರಬ್ಬರಿನ ಹತ್ತಿರ ಸಾಮಾನ್ಯ ಗ್ರೀಸ್ ಹಚ್ಚಬೇಡಿ.